ರಿವರ್ಸ್ ಲಿವರ್‌ನಲ್ಲಿ ಮೋಟಾರಿನ ಕರೆಂಟ್ ಬೇಡ

ಸಂಪಾದಕರೇ,

ಬ್ಯಾಟರಿಯ ಗಾಲ್ಫ್ ಕಾರ್ಟುಗಳು ಈಗ ಮೈದಾನದಲ್ಲಷ್ಟೇ ಇಲ್ಲ. ಆಸ್ಪತ್ರೆ, ಕ್ಯಾಂಪಸ್, ರೈಲು ನಿಲ್ದಾಣಗಳಲ್ಲಿ ವಯಸ್ಸಾದವರನ್ನು, ಮಕ್ಕಳನ್ನು ಕೂರಿಸಿಕೊಂಡು ಓಡುತ್ತಿವೆ. ಹಳೇ ಗಾಡಿಗಳಲ್ಲಿ ಮುಂದೆ-ಹಿಂದೆ ಮಾಡುವ ಲಿವರ್ ಸುಟ್ಟುಹೋದರೆ ಅದೇ ಥರದ್ದು ಇನ್ನೊಂದು ತಂದು ಹಾಕುತ್ತಾರೆ. ಸ್ವಲ್ಪ ದಿನಕ್ಕೆ ಅದೂ ಸುಡುತ್ತದೆ. ಲಿವರ್ ಬದಲಿಸಿ ಪ್ರಯೋಜನವಿಲ್ಲ, ವೈರಿಂಗನ್ನೇ ಬದಲಿಸಬೇಕು.

ಈ ಹಳೇ ಗಾಡಿಗಳಲ್ಲಿ ಇರುವುದು ಹೆಚ್ಚಾಗಿ ಸೀರೀಸ್ ಮೋಟಾರ್, ಅಂದರೆ ಫೀಲ್ಡ್ (ಅಲುಗಾಡದ ಸುರುಳಿ) ಮತ್ತು ಆರ್ಮೇಚರ್ (ತಿರುಗುವ ಸುರುಳಿ) ಒಂದರ ಹಿಂದೊಂದು ಜೋಡಿಸಿದ್ದು. ಬ್ಯಾಟರಿಯ ಪ್ಲಸ್-ಮೈನಸ್ ಅದಲುಬದಲು ಮಾಡಿದರೆ ಇದು ಹಿಂದಕ್ಕೆ ತಿರುಗುವುದಿಲ್ಲ, ಯಾಕೆಂದರೆ ಫೀಲ್ಡ್, ಆರ್ಮೇಚರ್ ಎರಡರಲ್ಲೂ ಕರೆಂಟಿನ ದಿಕ್ಕು ಒಟ್ಟಿಗೇ ಬದಲಾಗುತ್ತದೆ. ಹಾಗಾಗಿ ಫೀಲ್ಡಿನ ಎರಡು ತುದಿ, ಅಂದರೆ ಎಸ್1 ಮತ್ತು ಎಸ್2, ಇವನ್ನಷ್ಟೇ ತಿರುಗಿಸಿ ಕೊಡಬೇಕು. ಲಿವರ್ ಮಾಡುವುದು ಇದನ್ನೇ. ಆದರೆ ಸೀರೀಸ್ ಮೋಟಾರಿನಲ್ಲಿ ಫೀಲ್ಡಿನ ಮೂಲಕವೂ ಪೂರ್ತಿ ಕರೆಂಟ್ ಹರಿಯುತ್ತದೆ. 36 ಅಥವಾ 48 ವೋಲ್ಟಿನ ಗಾಡಿ ಜನ ತುಂಬಿಕೊಂಡು ದಿಣ್ಣೆ ಹತ್ತುವಾಗ 200 ಆಂಪಿಯರ್ ದಾಟುವುದು ಮಾಮೂಲು. ಅಷ್ಟೂ ಡ್ರೈವರ್ ಕಾಲಿನ ಪಕ್ಕದ ಲಿವರಿನ ಒಂದು ಪ್ಲಾಸ್ಟಿಕ್ ತಟ್ಟೆಯಲ್ಲಿ!

ಆ ತಟ್ಟೆ ಬಿಚ್ಚಿ ನೋಡಿ. ತಾಮ್ರ ಕಪ್ಪಾಗಿ ಗುಳಿ ಬಿದ್ದಿರುತ್ತದೆ, ಬೋಲ್ಟಿನ ಸುತ್ತ ಪ್ಲಾಸ್ಟಿಕ್ ಕರಗಿ ಲಗ್ (ಕೇಬಲ್ ತುದಿಯ ಲೋಹದ ಬಳೆ) ಸಡಿಲವಾಗಿರುತ್ತದೆ. ಒಂದು ಜಾಯಿಂಟಿನಲ್ಲಿ ಬರೀ 5 ಮಿಲಿಓಮ್ ತಡೆ ಇದ್ದರೂ 200 ಆಂಪಿಯರಿಗೆ 200 ವ್ಯಾಟ್ ಶಾಖ ಅಲ್ಲೇ ಹುಟ್ಟುತ್ತದೆ. ಇನ್ನು ಪೆಡಲ್ ಬಿಡದೆ ಲಿವರ್ ಎಳೆದರಂತೂ ಕಿಡಿ ಹಾರುತ್ತದೆ. ಮನೆಯ ಎಸಿ ಕರೆಂಟ್ ಸೆಕೆಂಡಿಗೆ 100 ಸಲ ಸೊನ್ನೆಗೆ ಬಂದು ಹೋಗುವುದರಿಂದ ಕಿಡಿ ತಾನೇ ಆರುತ್ತದೆ, ಬ್ಯಾಟರಿಯ ಡಿಸಿಯಲ್ಲಿ, ಅಂದರೆ ಒಂದೇ ದಿಕ್ಕಿಗೆ ಹರಿಯುವ ಕರೆಂಟಿನಲ್ಲಿ, ಆ ಸೊನ್ನೆಯೇ ಇಲ್ಲ.

ದಾರಿ ಇದೆ. ಮೋಟಾರಿನ ಕರೆಂಟನ್ನು ಡಿಸಿಗೆಂದೇ ಮಾಡಿದ ರಿವರ್ಸಿಂಗ್ ಕಾಂಟ್ಯಾಕ್ಟರಿಗೆ, ಅಂದರೆ ಸಣ್ಣ ಕರೆಂಟಿನಿಂದ ದೊಡ್ಡ ಕರೆಂಟಿನ ದಿಕ್ಕು ಬದಲಿಸುವ ಸ್ವಿಚ್ಚಿಗೆ, ಕೊಡಿ. ಕಿಡಿಯನ್ನು ದೂರ ತಳ್ಳುವ ಅಯಸ್ಕಾಂತ ಇರುವಂಥದ್ದು ಸಿಗುತ್ತದೆ. ಅಗ್ಗಕ್ಕೆ ಸಿಕ್ಕಿತು ಅಂತ ಸುಮ್ನೆ ಎಸಿ ಕಾಂಟ್ಯಾಕ್ಟರ್ ಹಾಕಬೇಡಿ. ಅದನ್ನು ನಡೆಸಲು ಡ್ರೈವರ್ ಕೈಗೆ ಒಂದು ಸಣ್ಣ ಮೂರು ಸ್ಥಾನದ ಸ್ವಿಚ್ ಸಾಕು, ನಡುವೆ ನ್ಯೂಟ್ರಲ್ ಇರಲಿ, ಆ ತೆಳು ವೈರಿಗೂ ಒಂದು ಫ್ಯೂಸ್ ಇರಲಿ. ಕಾಂಟ್ಯಾಕ್ಟರನ್ನು ಎಳೆಯುವ ಕಾಯಿಲಿಗೆ ಅಡ್ಡಲಾಗಿ ಡಯೋಡ್ (ಕರೆಂಟನ್ನು ಒಂದೇ ದಿಕ್ಕಿಗೆ ಬಿಡುವ ಬಿಡಿಭಾಗ) ಹಾಕಿ, ಇಲ್ಲದಿದ್ದರೆ ಕಾಯಿಲ್ ಆಫ್ ಆಗುವಾಗ ಏಳುವ ವೋಲ್ಟೇಜ್ ಸ್ವಿಚ್ಚನ್ನೂ, ಮೋಟಾರಿಗೆ ಹೋಗುವ ಕರೆಂಟನ್ನು ಹಿಡಿತದಲ್ಲಿಡುವ ಕಂಟ್ರೋಲರನ್ನೂ ತಿನ್ನುತ್ತದೆ. ದಪ್ಪ ಕೇಬಲಿನ ಲಗ್ಗುಗಳನ್ನು ಉಪಕರಣದಿಂದ ಒತ್ತಿ ಸರಿಯಾಗಿ ಕ್ರಿಂಪ್ ಮಾಡಿಸಿ, ಸುತ್ತಿಗೆಯಲ್ಲಿ ಕುಟ್ಟಿದ್ದು ನಿಲ್ಲುವುದಿಲ್ಲ.

ಎಲ್ಲಕ್ಕಿಂತ ಮುಖ್ಯ, ಪೆಡಲ್ ಒತ್ತಿರುವಾಗ ದಿಕ್ಕು ಬದಲಿಸಿದರೆ ಮೊದಲು ಕಂಟ್ರೋಲರ್ ಕರೆಂಟ್ ನಿಲ್ಲಿಸಬೇಕು, ಪೆಡಲ್ ಪೂರ್ತಿ ಬಿಟ್ಟು ಮತ್ತೆ ಒತ್ತುವವರೆಗೆ ಗಾಡಿ ಕದಲಬಾರದು. ಹಿಂದೆ ಮಗು ನಿಂತಿದ್ದರೆ ಏನು ಗತಿ, ಅಲ್ವಾ?

ರಿವರ್ಸ್ ಬಜರ್ ಕತೆಯೂ ಹೀಗೇ. ಅದನ್ನು ಕೈಯ ಸ್ವಿಚ್ಚಿಗೆ ಜೋಡಿಸಿದರೆ ಕಾಂಟ್ಯಾಕ್ಟರ್ ರಿವರ್ಸಿನಲ್ಲೇ ಅಂಟಿಕೊಂಡಾಗ ಸ್ವಿಚ್ ಮುಂದಕ್ಕಿದ್ದರೂ ಗಾಡಿ ಹಿಂದೆ ಬರುತ್ತದೆ, ಬಜರ್ ಬಾಯಿ ಮುಚ್ಚಿರುತ್ತದೆ. ಕಾಂಟ್ಯಾಕ್ಟರಿನ ಜೊತೆಗೇ ಆನ್-ಆಫ್ ಆಗುವ ಅದರ ಸಣ್ಣ ಸಹಾಯಕ ಕಾಂಟ್ಯಾಕ್ಟಿನಿಂದಲೇ ಜೋಡಿಸಿ. ಬಜರಿಗೆ 12 ವೋಲ್ಟ್ ಬೇಕೆಂದು ಸಾಲಿನ ಒಂದೇ ಬ್ಯಾಟರಿಯಿಂದ ವೈರ್ ಎಳೆಯುವುದು ತುಂಬಾ ಕಡೆ ಇದೆ, ಆ ಬ್ಯಾಟರಿ ಉಳಿದವಕ್ಕಿಂತ ಬೇಗ ಸೊರಗುತ್ತದೆ. ಪೂರ್ತಿ ಸಾಲಿಗೆ, ವೋಲ್ಟೇಜನ್ನು 12ಕ್ಕೆ ಇಳಿಸುವ ಡಿಸಿ-ಡಿಸಿ ಕನ್ವರ್ಟರ್ ಹಾಕಿ ಅದರಿಂದ ಕೊಡಿ.

ಹೊಸ ಎಸಿ ಮೋಟಾರಿನ ಗಾಡಿಗಳಲ್ಲಿ ದಿಕ್ಕನ್ನು ಕಂಟ್ರೋಲರೇ ಬದಲಿಸುತ್ತದೆ, ಅವಕ್ಕೆ ಇಷ್ಟೆಲ್ಲ ಬೇಡ. ಹಳೇ ಗಾಡಿ ಓಡಿಸುತ್ತಿರುವ ಸಂಸ್ಥೆಗಳು ಮುಂದಿನ ಸರ್ವಿಸಿಗೆ ಕಾಯದೆ, ಬ್ಯಾಟರಿ ಕಳಚಿಟ್ಟು ಆ ಲಿವರ್ ತಟ್ಟೆಯನ್ನು ಒಮ್ಮೆ ಬಿಚ್ಚಿಸಿ ನೋಡಲಿ.

– ಬ್ಯಾಟರಿ ಗಾಡಿ ರಿಪೇರಿ ಮಾಡುವ ಒಬ್ಬ ಓದುಗ