ಮಕ್ಕಳ ಸೇತುವೆಯನ್ನು ಮುರಿಯಲು ಬಿಡಿ

ಮಾನ್ಯ ಸಂಪಾದಕರೇ,

ಒಂಬತ್ತನೇ ತರಗತಿಯಲ್ಲಿ ಓದುವ ನನ್ನ ಮೊಮ್ಮಗಳು ಕಳೆದ ತಿಂಗಳು ವಿಜ್ಞಾನ ವಸ್ತುಪ್ರದರ್ಶನಕ್ಕೆ ಐಸ್‌ಕ್ರೀಂ ಕಡ್ಡಿಗಳ ಸೇತುವೆ ಒಯ್ದಿದ್ದಳು. ಜೊತೆಗೆ ಒಂದು ಕೊಕ್ಕೆ, ಖಾಲಿ ಸಿಮೆಂಟ್ ಚೀಲ, ಒಂದೊಂದು ಕಿಲೋ ತೂಗಿ ಕಟ್ಟಿದ ಮರಳಿನ ಪೊಟ್ಟಣಗಳು. ತೀರ್ಪುಗಾರರು ಬಂದಾಗ ಭಾರ ಹಾಕಿ ತೋರಿಸುತ್ತೇನೆ ಎಂದಳಂತೆ. "ಬೇಡಮ್ಮ, ಮುರಿದುಹೋದರೆ? ಮಧ್ಯಾಹ್ನ ಅತಿಥಿಗಳು ನೋಡೋಕೆ ಬರ್ತಾರೆ" ಎಂದು ಹೇಳಿ ಮುಂದಿನ ಮೇಜಿಗೆ ಹೋದರಂತೆ. ಬಹುಮಾನ ಬಂದದ್ದು ಥರ್ಮೊಕೋಲಿನ ನೀಲಿ ನದಿ, ಮಿಣಮಿಣ ಲೈಟು, ಆಟಿಕೆ ಕಾರುಗಳಿದ್ದ ಸೇತುವೆಗೆ. ಸಂಜೆ ಹೋಗಿ ನಾನೂ ನೋಡಿದೆ. ಚೆಂದವಿತ್ತು, ಸುಳ್ಳು ಹೇಳಬಾರದು. ಆದರೆ ಎಷ್ಟು ಭಾರ ಹೊರುತ್ತದೆ ಎಂದು ಕೇಳಿದರೆ ಅದನ್ನು ಮಾಡಿದ ಹುಡುಗ ತಲೆ ಕೆರೆದುಕೊಂಡ. ಅವನನ್ನು ಅಲ್ಲಿಯವರೆಗೆ ಯಾರೂ ಆ ಪ್ರಶ್ನೆ ಕೇಳಿರಲಿಲ್ಲ.

ನಾನು ಲೋಕೋಪಯೋಗಿ ಇಲಾಖೆಯಲ್ಲಿ ವರ್ಕ್ ಇನ್‌ಸ್ಪೆಕ್ಟರ್ ಆಗಿದ್ದು ನಿವೃತ್ತನಾದವನು. ಮೊಮ್ಮಗಳಿಗೆ ಬಹುಮಾನ ಬರಲಿಲ್ಲವೆಂದು ಅಜ್ಜ ಪತ್ರ ಬರೆಯಲು ಕೂತಿದ್ದಾನೆ ಎಂದು ನಗುವವರು ನಗಲಿ, ಅದರಲ್ಲಿ ಸ್ವಲ್ಪ ನಿಜವೂ ಉಂಟು.

ನಮ್ಮ ಮನೆಯ ಜಗಲಿಯಲ್ಲಿ ಮೊದಲು ಮುರಿದ ಸೇತುವೆಯ ಕತೆ ಹೇಳುತ್ತೇನೆ. ಎರಡು ಸ್ಟೂಲುಗಳ ನಡುವೆ ಅರ್ಧ ಮೀಟರ್ ಅಂತರ. ಹನ್ನೊಂದು ಪೊಟ್ಟಣ ಬೀಳುವವರೆಗೆ ಗಟ್ಟಿಯಾಗಿ ನಿಂತಿತ್ತು. ಹನ್ನೆರಡನೆಯದಕ್ಕೆ, ಮಲಗಿದ ಎಮ್ಮೆ ಮಗ್ಗುಲು ಬದಲಿಸಿದ ಹಾಗೆ, ನಿಧಾನಕ್ಕೆ ಎಡಕ್ಕೆ ಹೊರಳಿತು. ಎತ್ತಿ ನೋಡಿದರೆ ಒಂದು ಕಡ್ಡಿಯೂ ಮುರಿದಿರಲಿಲ್ಲ! ಎರಡೂ ಪಕ್ಕದ ಚೌಕಟ್ಟುಗಳನ್ನು ಚೆನ್ನಾಗಿ ಕಟ್ಟಿದ್ದಳು, ಆದರೆ ಅವುಗಳ ನೆತ್ತಿಯನ್ನು ಒಂದಕ್ಕೊಂದು ಹಿಡಿದಿಡುವ ಓರೆ ಕಡ್ಡಿಗಳೇ ಇರಲಿಲ್ಲ. ಮೇಲಾಗಿ ಮಳೆಗಾಲ. ಹಿಂದಿನ ರಾತ್ರಿ ಹಚ್ಚಿದ ಫೆವಿಕಾಲ್ ಒಳಗೆ ಇನ್ನೂ ಹಸಿಯಿತ್ತು.

ಎರಡನೆಯದಕ್ಕೆ ಕಡ್ಡಿಗಳನ್ನೇ ಆರಿಸಿದಳು. ಒಂದೊಂದನ್ನೂ ಕಣ್ಣಿನ ಮಟ್ಟಕ್ಕೆ ಹಿಡಿದು ಸೊಟ್ಟವೋ ನೆಟ್ಟಗೋ ನೋಡುವುದು, ನಾರು ಓರೆಯಾಗಿ ಓಡಿದ್ದರೆ ಪಕ್ಕಕ್ಕೆ ಎಸೆಯುವುದು. ನೂರರ ಕಟ್ಟಿನಲ್ಲಿ ಇಪ್ಪತ್ತೆಂಟು ಬಚ್ಚಲೊಲೆಗೆ ಹೋದವು. ಸೇತುವೆಯ ನಡುವೆ ಭಾರ ತೂಗಿಬಿಟ್ಟರೆ ಕೆಳಗಿನ ಸಾಲಿನ ಕಡ್ಡಿಗಳಿಗೆ ಎಳೆತ, ಮೇಲಿನ ಸಾಲಿಗೆ ಒತ್ತಡ. ಕಡ್ಡಿಯನ್ನು ಎಳೆದು ತುಂಡು ಮಾಡುವುದು ಕೈಯಲ್ಲಿ ಆಗದ ಕೆಲಸ. ಅದನ್ನೇ ಹೆಬ್ಬೆರಳು ತೋರುಬೆರಳ ನಡುವೆ ಉದ್ದಕ್ಕೆ ಅದುಮಿದರೆ ತಕ್ಷಣ ಬಿಲ್ಲಿನಂತೆ ಬಾಗುತ್ತದೆ. "ಅರ್ಧಕ್ಕೆ ಕತ್ತರಿಸಿ ಅದುಮು ತಂಗಿ" ಎಂದೆ. ಅದುಮಿದಳು, ಬಾಗಲಿಲ್ಲ. ಉದ್ದ ಅರ್ಧವಾದರೆ ಬಾಗಿಸಲು ನಾಲ್ಕು ಪಟ್ಟು ಒತ್ತಡ ಬೇಕು. ಆಯ್ಲರ್ ಎಂಬ ಗಣಿತಜ್ಞ ಇದರ ಲೆಕ್ಕವನ್ನು 1744ರಲ್ಲೇ ಕೊಟ್ಟಿದ್ದಾನೆ. ಆದರೆ ಆ ಲೆಕ್ಕ ಅವಳ ಬೆರಳಿಗೆ ಮೊದಲು ತಿಳಿಯಿತು, ಪುಸ್ತಕದಲ್ಲಿ ಆಮೇಲೆ ಸಿಕ್ಕಿತು. ಮೇಲಿನ ಸಾಲನ್ನು ಜೋಡಿ ಕಡ್ಡಿ ಮಾಡಿದಳು, ತ್ರಿಕೋನಗಳನ್ನು ಚಿಕ್ಕದು ಮಾಡಿದಳು, ಬಟ್ಟೆ ಕ್ಲಿಪ್ಪು ಹಾಕಿ ಮೂರು ದಿನ ಅಡುಗೆಮನೆಯ ಅಟ್ಟದಲ್ಲಿ ಒಣಗಿಸಿದಳು. ತೂಕ 150 ಗ್ರಾಂ.

ಭಾರ ಹಾಕುವ ಮೊದಲು ಒಂದು ಷರತ್ತು ಹಾಕಿದ್ದೆ: ಎಲ್ಲಿ ಮುರಿಯುತ್ತದೆ ಎಂದು ಚೀಟಿ ಬರೆದು ಬೆಂಕಿಪೊಟ್ಟಣದಲ್ಲಿ ಇಡಬೇಕು. ಮೂವತ್ತೈದು ಕಿಲೋ ದಾಟುವಾಗ 'ಟಿಕ್' ಎಂದು ಸದ್ದು. ಮನೆಯವರೆಲ್ಲ ಉಸಿರು ಬಿಗಿಹಿಡಿದೆವು. 43 ಕಿಲೋ ಹೊತ್ತು, 44ನೆಯದಕ್ಕೆ ಮುರಿಯಿತು. ಸ್ವಂತ ತೂಕದ 280 ಪಟ್ಟಿಗೂ ಹೆಚ್ಚು. ಚೀಟಿಯಲ್ಲಿ 'ನಡುವೆ, ಮೇಲಿನ ಸಾಲು' ಎಂದಿತ್ತು. ಮುರಿದದ್ದು ಸ್ಟೂಲಿನ ಪಕ್ಕದ ಗಂಟು, ಅಂದರೆ ಕಡ್ಡಿಗಳನ್ನು ಅಂಟಿಸಿ ಸೇರಿಸಿದ ಜಾಗ. ಭೂತಗನ್ನಡಿ ಹಿಡಿದು ನೋಡಿದಳು. ಬಿಟ್ಟುಕೊಂಡ ಕಡ್ಡಿಯ ತುದಿಯಲ್ಲಿ ಫೆವಿಕಾಲ್ ಮರಕ್ಕೆ ಹಿಡಿಯದೆ ಗಾಜಿನಂತೆ ನುಣ್ಣಗೆ ಒಣಗಿತ್ತು. ಅಲ್ಲಿ ಕ್ಲಿಪ್ಪು ಜಾರಿತ್ತು. ಬೇರೆ ಗಂಟುಗಳನ್ನು ಬಿಡಿಸಿದರೆ ಅಂಟಿನ ಜೊತೆ ಮರದ ನಾರೂ ಕಿತ್ತು ಬರುತ್ತಿತ್ತು. ಎರಡನ್ನೂ ಅಕ್ಕಪಕ್ಕ ಇಟ್ಟು ವಹಿಯಲ್ಲಿ ಚಿತ್ರ ಬರೆದುಕೊಂಡಳು. ಥರ್ಮೊಕೋಲ್ ನದಿಯ ಹುಡುಗನಿಗೆ ತಪ್ಪಿಹೋದದ್ದು ಈ ಕ್ಷಣ, ಪಾಪ.

ನಿಜವಾದ ಸೇತುವೆಯನ್ನು ಹೀಗೆ ಮುರಿದು ನೋಡಲು ಆಗುವುದಿಲ್ಲ. ಅಲ್ಲಿ ಭಾರ ತುಂಬಿದ ಲಾರಿಗಳನ್ನು ನಡುವೆ ನಿಲ್ಲಿಸಿ, ಅಡಿಯಲ್ಲಿ ಡಯಲ್ ಗೇಜ್ (ಎಷ್ಟು ಬಗ್ಗಿತು ಎಂದು ಮುಳ್ಳಿನಲ್ಲಿ ತೋರಿಸುವ ಅಳತೆ ಸಾಧನ) ಇಟ್ಟು, 24 ಗಂಟೆ ಬಿಟ್ಟು, ಲಾರಿ ತೆಗೆದ ಮೇಲೆ ಬಗ್ಗಿದ್ದು ಎಷ್ಟು ವಾಪಸು ಬಂತು ಎಂದು ಅಳೆಯುತ್ತಾರೆ. ಮಾಮೂಲಿ ಆರ್‌ಸಿಸಿ ಸೇತುವೆಯಾದರೆ ಮುಕ್ಕಾಲು ಪಾಲಾದರೂ ವಾಪಸು ಬರಬೇಕು. ನಮ್ಮಪ್ಪನಿಗೆ ಡಯಲ್ ಗೇಜ್ ಗೊತ್ತಿರಲಿಲ್ಲ. ಪ್ರತಿ ವರ್ಷ ಮಳೆಗೆ ಮುಂಚೆ ಹಳ್ಳಕ್ಕೆ ಅಡಿಕೆ ದಬ್ಬೆಯ ಕಾಲುಸಂಕ ಕಟ್ಟಿ, ತಾನೇ ನಡುಮಧ್ಯೆ ಹೋಗಿ ಎರಡು ಸಲ ಕುಣಿಯುತ್ತಿದ್ದ. ಆಮೇಲೇ ನಮ್ಮನ್ನು ದಾಟಲು ಬಿಡುತ್ತಿದ್ದ.

2024ರ ಆಗಸ್ಟ್ 7ರಂದು, ಮಧ್ಯರಾತ್ರಿ ಕಳೆದ ಮೇಲೆ, ಕಾರವಾರದ ಹಳೆಯ ಕಾಳಿ ಸೇತುವೆ ನದಿಗೆ ಕುಸಿಯಿತು. ಲಾರಿಯೊಂದು ನೀರಿಗೆ ಬಿತ್ತು, ಚಾಲಕ ಬದುಕಿದ. ನೂರಾರು ಸಲ ನಾನು ದಾಟಿದ ಸೇತುವೆ ಅದು. ಮರುದಿನ ಪೇಟೆಯಲ್ಲಿ ಎಲ್ಲರೂ ಕೇಳಿದ್ದು ಯಾರ ತಪ್ಪು ಎಂದು. ಮೊಮ್ಮಗಳು ಆಗಿನ್ನೂ ಚಿಕ್ಕವಳು. "ಅಜ್ಜಾ, ಮೊದಲು ಯಾವ ಗಂಟು ಬಿಟ್ಟಿತು?" ಎಂದು ಕೇಳಿದಳು. ನಾವಿಬ್ಬರೂ ಕಡ್ಡಿ ಜೋಡಿಸಲು ಕೂತದ್ದು ಆ ಪ್ರಶ್ನೆಯಿಂದ.

ಆದ್ದರಿಂದ ಪ್ರದರ್ಶನ ನಡೆಸುವವರಲ್ಲಿ ನನ್ನದೊಂದು ವಿನಂತಿ. ಒಂದು ಮೂಲೆಯಲ್ಲಿ ಎರಡು ಬೆಂಚು, ಒಂದು ಕೊಕ್ಕೆ, ಚೀಲ, ಮರಳು, ತಕ್ಕಡಿ ಇಡಿ. ಸೇತುವೆಯನ್ನು ತೂಗಿ, ಮುರಿಯುವ ತನಕ ಭಾರ ಹಾಕಿ, ಎಷ್ಟು ಪಟ್ಟು ಹೊತ್ತಿತೋ ಅದಕ್ಕೆ ಅರ್ಧ ಅಂಕ ಕೊಡಿ. ಉಳಿದರ್ಧ, ಎಲ್ಲಿ ಮುರಿಯಿತು ಏಕೆ ಮುರಿಯಿತು ಎಂದು ಮಗು ಹೇಳುವುದಕ್ಕೆ. ಚೀಲ ನೆಲದಿಂದ ಒಂದು ಗೇಣಿಗಿಂತ ಮೇಲಿರದಂತೆ ನೋಡಿಕೊಂಡು, ಕೆಳಗೆ ಗೋಣಿ ಹಾಸಿದರೆ ಯಾರ ಕಾಲಿಗೂ ಪೆಟ್ಟಾಗದು. ಅತಿಥಿಗಳು ಬರುವುದಿದ್ದರೆ ಅವರ ಕೈಯಲ್ಲೇ ಕೊನೆಯ ಪೊಟ್ಟಣ ಹಾಕಿಸಿ, ರಿಬ್ಬನ್ ಕತ್ತರಿಸುವುದಕ್ಕಿಂತ ಅವರಿಗೂ ಅದು ಹಿಡಿಸೀತು.

ಪ್ರದರ್ಶನಕ್ಕೆ ಹೋಗಿ ಬಂದದ್ದು ಅವಳ ಮೂರನೇ ಸೇತುವೆ. ಸದ್ಯ ಟಿವಿಯ ಮೇಲಿನ ಹಲಗೆಯಲ್ಲಿ ಇಡಿಯಾಗಿ ಕೂತಿದೆ. ಈ ಭಾನುವಾರ ಬೆಳಿಗ್ಗೆ ಜಗಲಿಯಲ್ಲಿ ಚೀಲ ತೂಗುಹಾಕುವುದು. ಚೀಟಿ ಆಗಲೇ ಬೆಂಕಿಪೊಟ್ಟಣ ಸೇರಿದೆ, ನನಗೆ ತೋರಿಸುತ್ತಿಲ್ಲ.

ಇತಿ,
ನಿವೃತ್ತ ವರ್ಕ್ ಇನ್‌ಸ್ಪೆಕ್ಟರ್,
ಕುಮಟಾ ತಾಲ್ಲೂಕು, ಉತ್ತರ ಕನ್ನಡ