ಬಾರ್‌ಕೋಡ್‌ಗೆ ಬರೀ ಫಾಂಟ್ ಹಾಕಿದ್ರೆ ಸಾಲದು

ಸಂಪಾದಕರಿಗೆ ನಮಸ್ಕಾರ,

ನಾನು ಕಾಟನ್‌ಪೇಟೆಲಿ ಲೇಬಲ್ ಪ್ರಿಂಟಿಂಗ್ ಮಾಡೋನು. ಊದಿನಕಡ್ಡಿ ಮಾಡೋರು, ಉಪ್ಪಿನಕಾಯಿ ಪ್ಯಾಕ್ ಮಾಡೋರು, ಸಣ್ಣ ಗೋಡೌನ್ ಇಟ್ಕೊಂಡೋರು ದಿನಾ ಬರ್ತಾರೆ, ಅವ್ರಲ್ಲಿ ಸುಮಾರು ಜನ ಎಕ್ಸೆಲ್‌ನಲ್ಲಿ ನಂಬರ್ ಟೈಪ್ ಮಾಡಿ ಅದಕ್ಕೊಂದು ಬಾರ್‌ಕೋಡ್ ಫಾಂಟ್ ಹಾಕಿ ಪೆನ್‌ಡ್ರೈವಲ್ಲಿ ತರ್ತಾರೆ, ನೋಡೋಕೆ ಗೆರೆಗಳೆಲ್ಲ ಚೆನ್ನಾಗೇ ಇರುತ್ತೆ, ಸ್ಕ್ಯಾನರ್ ಮಾತ್ರ ಬೀಪ್ ಅನ್ನಲ್ಲ. ಇದು ಲೇಬಲ್ ಎಲ್ಲಾ ಅಂಟಿಸಿ ಮಾಲು ಅಂಗಡಿಗೆ ಹೋದ್ಮೇಲೆ ಗೊತ್ತಾದ್ರೆ ಪಾಪ ಅವ್ರ ದುಡ್ಡು ಹೊಳೇಲಿ ಹುಣಸೆಹಣ್ಣು ಕಿವುಚಿದಂಗೆ.

ಬಾರ್‌ಕೋಡಲ್ಲಿ ಬೇರೆ ಬೇರೆ ಬಗೆ ಇದೆ, ಅದ್ರಲ್ಲಿ ಕೋಡ್ 39 ಅನ್ನೋದಾದ್ರೆ ಫಾಂಟ್‌ನಲ್ಲೇ ನಡೆಯುತ್ತೆ. ಒಂದೊಂದು ಅಕ್ಷರಕ್ಕೂ 5 ಕಪ್ಪು ಗೆರೆ, 4 ಬಿಳಿ ಸಂದು, ಆ ಒಂಬತ್ತರಲ್ಲಿ 3 ಅಗಲವಾಗಿರುತ್ತೆ ಅಷ್ಟೆ. ಆದ್ರೆ ನಂಬರ್‌ನ ಎರಡೂ ಕಡೆ ಸ್ಟಾರ್ ಗುರುತು (*) ಹಾಕಲೇಬೇಕು, ಕೋಡ್ ಎಲ್ಲಿ ಶುರು ಎಲ್ಲಿ ಮುಗೀತು ಅಂತ ಸ್ಕ್ಯಾನರ್‌ಗೆ ಗೊತ್ತಾಗೋದೇ ಅದ್ರಿಂದ, ಇದನ್ನೇ ಜನ ಬಿಟ್ಬಿಡ್ತಾರೆ.

ಕೋಡ್ 128 ಅನ್ನೋ ಇನ್ನೊಂದು ಬಗೆ ಹಂಗಲ್ಲ. ಅದ್ರಲ್ಲಿ ಎ, ಬಿ, ಸಿ ಅಂತ ಗುರುತುಗಳ ಮೂರು ಸೆಟ್ ಇದೆ, ಸಿ ಸೆಟ್‌ನಲ್ಲಿ ಎರಡೆರಡು ಅಂಕಿ ಒಂದೇ ಗುರುತಲ್ಲಿ ಕೂರುತ್ತೆ, ಅದಕ್ಕೇ ಉದ್ದದ ನಂಬರ್ ಕೂಡ ಸಣ್ಣ ಲೇಬಲ್‌ಗೆ ಹಿಡಿಸುತ್ತೆ. ಜೊತೆಗೆ ನಂಬರ್ ಸರಿಯಾಗಿ ಓದಿದ್ಯಾ ಅಂತ ತಾಳೆ ನೋಡೋಕೆ ಒಂದು ಲೆಕ್ಕಾನೂ ಇದೆ, ಬರೀ ಫಾಂಟ್ ಹಾಕಿದ್ರೆ ಅದು ಆಗಲ್ಲ. ಈಗ 1234 ತಗೊಳ್ಳಿ, ಸಿ ಸೆಟ್‌ನ ಸ್ಟಾರ್ಟ್ ಗುರುತಿನ ಬೆಲೆ 105, ಅದಕ್ಕೆ 12ನ್ನ ಒಂದರಿಂದ, 34ನ್ನ ಎರಡರಿಂದ ಗುಣಿಸಿ ಕೂಡಿದ್ರೆ 185, 103ರಿಂದ ಭಾಗಿಸಿದ್ರೆ ಉಳಿಯೋದು 82. ಆ 82ರ ಗೆರೆಗಳು ಸ್ಟಾಪ್ ಗುರುತಿಗೆ ಮುಂಚೆ ಬರಲೇಬೇಕು, ಇಲ್ಲಾಂದ್ರೆ ಸ್ಕ್ಯಾನರ್ ಇಡೀ ಕೋಡನ್ನೇ ತಳ್ಳಿಹಾಕುತ್ತೆ. ತಪ್ಪು ನಂಬರ್ ಓದಿ ತಪ್ಪು ಬಿಲ್ ಆಗೋದಕ್ಕಿಂತ ಓದದೇ ಇರೋದೇ ವಾಸಿ ಅಂತ ಯೋಚಿಸಿ ಮಾಡಿರೋ ಏರ್ಪಾಡು ಇದು, ನಂಗಂತೂ ಇದ್ರ ಮೇಲೆ ತುಂಬಾ ಗೌರವ.

ಇನ್ನು ಕನ್ನಡ. ಈ ಎರಡು ಕೋಡಲ್ಲೂ ಕನ್ನಡ ಅಕ್ಷರಕ್ಕೆ ಜಾಗ ಇಲ್ಲ, ಕ್ಯೂಆರ್‌ನಲ್ಲಿ ಇದೆ. ಎಲ್ಲಾ ಭಾಷೆ ಅಕ್ಷರಕ್ಕೂ ಒಂದೊಂದು ನಂಬರ್ ಕೊಟ್ಟಿರೋ ಯೂನಿಕೋಡ್‌ನ ಯುಟಿಎಫ್-8 ಲೆಕ್ಕದಲ್ಲಿ 'ಶ್ರೀ' ಅನ್ನೋದು ಶ, ವಿರಾಮ ಅನ್ನೋ ಅರ್ಧಾಕ್ಷರದ ಚಿಹ್ನೆ (್), ರ, 'ಈ' ಸ್ವರದ ಚಿಹ್ನೆ (ೀ) ಅಂತ ನಾಲ್ಕಾಗಿ ಒಟ್ಟು 12 ಬೈಟ್ ತಗೊಳುತ್ತೆ, ಇಂಗ್ಲಿಷ್‌ಗಿಂತ ಚೌಕ ಬೇಗ ದಟ್ಟ ಆಗುತ್ತೆ, ಆದ್ರೂ ಕೆಲಸ ಆಗುತ್ತೆ. ಮ್ಯಾಟರ್ ಹಳೇ ಆಸ್ಕಿ ಫಾಂಟಲ್ಲಿ, ಅಂದ್ರೆ ಇಂಗ್ಲಿಷ್ ಅಕ್ಷರದ ಜಾಗದಲ್ಲೇ ಕನ್ನಡದ ಆಕಾರ ಕೂರಿಸಿರೋ ಫಾಂಟಲ್ಲಿ ಟೈಪ್ ಮಾಡಿದ್ರೆ ಮಾತ್ರ ಫೋನಲ್ಲಿ ಸ್ಕ್ಯಾನ್ ಮಾಡ್ದಾಗ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರ ಬರುತ್ತೆ, ಮೊದಲು ಯೂನಿಕೋಡ್‌ಗೆ ಕನ್ವರ್ಟ್ ಮಾಡ್ಕೋಬೇಕು.

ಬೆಂಗಳೂರಲ್ಲಿ ಅಷ್ಟೊಂದು ಡಿಟಿಪಿ ಕ್ಲಾಸ್‌ಗಳಿವೆ, ಫೋಟೋಶಾಪ್, ಕೋರೆಲ್ ಎಲ್ಲಾ ಕಲಿಸ್ತಾರೆ, ಇದನ್ನ ಮಾತ್ರ ಯಾರೂ ಹೇಳ್ಕೊಡಲ್ಲ. ದಯವಿಟ್ಟು ಇದಕ್ಕೊಂದು ದಿನ ಇಡಿ ಅಂತ ಆ ಮೇಷ್ಟ್ರುಗಳಿಗೆ ನಿಮ್ಮ ಪತ್ರಿಕೆ ಮೂಲಕ ಕೇಳ್ಕೋತೀನಿ. ಲೇಬಲ್ ಹಾಕಿಸೋರಿಗೂ ಒಂದು ಮಾತು, ಮೊದಲು ಒಂದೇ ಒಂದು ಪ್ರಿಂಟ್ ತೆಗೆಸಿ ಸ್ಕ್ಯಾನ್ ಮಾಡಿ ನೋಡಿ, ಆಮೇಲೆ ರೋಲ್ ಓಡಿಸೋಕೆ ಹೇಳಿ.

ಇಂತಿ,
ಒಬ್ಬ ಲೇಬಲ್ ಪ್ರಿಂಟರ್, ಕಾಟನ್‌ಪೇಟೆ, ಬೆಂಗಳೂರು