ಹಳೇ ಗೀಸರ್

ನಮಸ್ಕಾರ. ಈ ಸಲ ಯುಗಾದಿ ಬಗ್ಗೆ ಬರೆಯಬೇಕೆಂದು ಕೂತಿದ್ದೆ. ಅಷ್ಟರಲ್ಲಿ ಇಂಗ್ಲೆಂಡಿನ ನಮ್ಮ ಮನೆಯ ಬಾಯ್ಲರ್ ಕೈಕೊಟ್ಟಿತು. ರಿಪೇರಿಗೆ ಬಂದ ಹುಡುಗ ಕೆಲಸಕ್ಕಿಂತ ಜಾಸ್ತಿ ನಮ್ಮಪ್ಪನ ಜೊತೆ ಕ್ರಿಕೆಟ್ ಮಾತಾಡಿದ. ಹೊರಡುವಾಗ ನನ್ನ ಕಡೆ ತಿರುಗಿ, ‘ಯುವರ್ ಡ್ಯಾಡ್ ಈಸ್ ಎ ಪ್ರಾಪರ್ ಗೀಸರ್’ ಎಂದ. ಬೆಂಗಳೂರಿನಿಂದ ಬಂದು ಮೂರು ವಾರವಾಗಿರುವ ಅಪ್ಪ ಬಾಗಿಲು ಹಾಕುತ್ತಿದ್ದ ಹಾಗೇ ಕೇಳಿದರು: ‘ಏನಂತೆ, ಗೀಸರ್ ಬೇರೆ ಹಾಕಿಸಬೇಕಂತಾ? ಎಷ್ಟಾಗುತ್ತಂತೆ?’

ನಕ್ಕೂ ನಕ್ಕೂ ಸಾಕಾಯಿತು. ನೀರು ಕಾಯಿಸುವ ಗೀಸರ್‌ಗೆ ಹೆಸರು ಬಂದಿದ್ದು ಐಸ್‌ಲ್ಯಾಂಡಿನ ಒಂದು ಬಿಸಿನೀರಿನ ಬುಗ್ಗೆಯಿಂದ. ಅಮೆರಿಕದವರು ಅದನ್ನು ‘ಗೈಸರ್’ ಅನ್ನುತ್ತಾರೆ, ನಾವು ಇಂಗ್ಲೆಂಡಿನವರ ಉಚ್ಚಾರಣೆ ಹಿಡಿದುಕೊಂಡೆವು. ಈ ಹುಡುಗ ಹೇಳಿದ ಗೀಸರ್ ಬೇರೆ. ಅದರ ಮೂಲ ಇನ್ನೊಂದು ‘ಗೈಸರ್’ (guiser), ಅಂದರೆ ಮುಖವಾಡ ಹಾಕಿಕೊಂಡು ಆಡುವವನು. ನಮ್ಮ ಹಗಲುವೇಷದವರ ತರಹ ಅಂತಿಟ್ಟುಕೊಳ್ಳಿ. ಅಮೆರಿಕದಲ್ಲಿ ಯಾರಿಗಾದರೂ ಗೀಸರ್ ಅಂದರೆ ಮುದುಕ ಅಂತಲೇ ಅರ್ಥ. ಇಲ್ಲಿ ಇಂಗ್ಲೆಂಡಿನಲ್ಲಿ ‘ಭಲೇ ಆಸಾಮಿ’ ಅನ್ನುವುದಕ್ಕೂ ಅದೇ ಮಾತು. ಇಷ್ಟು ವಿವರಿಸಿದ ಮೇಲೆ ಅಪ್ಪ ಆ ಸಂಜೆಯೇ ಊರಿನಲ್ಲಿರುವ ಅತ್ತೆಗೆ ಫೋನ್ ಹಚ್ಚಿ, ‘ನನ್ನ ಹಗಲುವೇಷದವನು ಅಂದ ಕಣೇ ಒಬ್ಬ’ ಎಂದು ಹೆಮ್ಮೆಯಿಂದ ಹೇಳಿಕೊಂಡರು.

ಮುದುಕರಿಗೆ ಇಂಗ್ಲಿಷಿನಲ್ಲಿರುವ ಬೇರೆ ಪದಗಳಿಗೆ ಈ ಅದೃಷ್ಟ ಇಲ್ಲ. ಕಾಜರ್, ಫೋಗಿ, ಫಡ್ಡಿ ಡಡ್ಡಿ, ಕೂಟ್. ಈ ಕೂಟ್ ಅನ್ನೋದು ಕೆರೆಯಲ್ಲಿ ಈಜುವ ಕಪ್ಪು ಹಕ್ಕಿ, ನಮ್ಮ ನಾಮದ ಕೋಳಿ. ಹಣೆ ಮೇಲೆ ಬೆಳ್ಳಗೆ ಒಂದು ಪಟ್ಟೆ ಇರುತ್ತದೆ. ಅದನ್ನು ನೋಡಿ ನಮ್ಮವರಿಗೆ ನಾಮ ಕಂಡಿತು, ಇವರಿಗೆ ಬೋಳು ತಲೆ ಕಂಡಿತು. ‘ಬಾಲ್ಡ್ ಆ್ಯಸ್ ಎ ಕೂಟ್’ ಅನ್ನುವುದು ಅಲ್ಲಿಂದಲೇ. ಬುದ್ಧಿ ಇಲ್ಲದ ಮುದುಕನೂ ‘ಓಲ್ಡ್ ಕೂಟ್’ ಆದ. ಪಾಪ, ಹಕ್ಕಿ ಏನು ಮಾಡಿತ್ತು?

ನನಗೆ ಕಿರಿಕಿರಿ ಆಗುವುದು ಆ ‘ಓಲ್ಡ್’ನಿಂದ. ನಂಪ್ಟಿ, ಮಪೆಟ್, ಪ್ಲಾಂಕರ್ ಅಂತ ಯಾವ ವಯಸ್ಸಿನ ದಡ್ಡನನ್ನು ಬೇಕಾದರೂ ಬೈಯಬಹುದು. ಡಫರ್ ಕೂಡ ಹಾಗೇ. ನಮ್ಮ ಲೆಕ್ಕದ ಮೇಷ್ಟ್ರು ಹತ್ತು ವರ್ಷದ ನಮಗೆಲ್ಲ ಧಾರಾಳವಾಗಿ ಹಂಚುತ್ತಿದ್ದ ಪದ ಅದು. ಇಲ್ಲಿ ಅದರ ಹಿಂದೆ ‘ಓಲ್ಡ್’ ಸೇರಿಸಿಬಿಡುತ್ತಾರೆ. ವಯಸ್ಸಾಯಿತು ಅಂದರೆ ಕೈಲಾಗದವನು ಅಂತ ಆಗಿಯೇಹೋಯಿತು. ಹೆಂಗಸರ ಪಾಡಂತೂ ಕೇಳಲೇಬೇಡಿ. ಗೀಸರ್‌ನಲ್ಲಿ ಒಂಚೂರು ಪ್ರೀತಿ ಇದೆ, ‘ಓಲ್ಡ್ ಬ್ಯಾಟ್’ನಲ್ಲಿ, ‘ಓಲ್ಡ್ ಬ್ಯಾಗ್’ನಲ್ಲಿ ಎಲ್ಲಿದೆ? ನಾವೇನು ಕಮ್ಮಿ ಇಲ್ಲ ಬಿಡಿ. ‘ಮುದಿಗೂಬೆ’ ಅನ್ನುವುದು ನನ್ನ ಬಾಯಲ್ಲೂ ಬಂದಿದೆ, ಅದೂ ಕಾರು ಓಡಿಸುವಾಗ.

ಇನ್ನು ಹಳೇ ತಲೆಮಾರಿನವರನ್ನು ಹಂಗಿಸುವ ‘ಬೂಮರ್’. 2019ರ ನವೆಂಬರ್‌ನಲ್ಲಿ ನ್ಯೂಜಿಲೆಂಡಿನ ಸಂಸತ್ತಿನಲ್ಲಿ 25 ವರ್ಷದ ಸಂಸದೆ ಕ್ಲೋಯಿ ಸ್ವಾರ್‌ಬ್ರಿಕ್, ಭಾಷಣದ ಮಧ್ಯೆ ಬಾಯಿ ಹಾಕಿದವರಿಗೆ ‘ಓಕೆ ಬೂಮರ್’ ಎಂದು ತಮ್ಮ ಪಾಡಿಗೆ ಮಾತು ಮುಂದುವರಿಸಿದ್ದು ನಿಮಗೆ ನೆನಪಿರಬಹುದು. ಅದೇ ಮಾತು ಹೋದ ತಿಂಗಳು ನಮ್ಮ ಸಮಿತಿ ಸಭೆಗೂ ಬಂತು. ಮೈಕ್ ವಯರ್ ಸುತ್ತುತ್ತಿದ್ದ ಹಿರಿಯರೊಬ್ಬರು ‘ವಯರ್‌ಲೆಸ್ ನಂಬಬೇಡ್ರೋ’ ಎಂದಾಗ ಹಿಂದಿನಿಂದ ಒಬ್ಬ ಹುಡುಗ ಹಾಗಂದ. ಅವರು ತಲೆ ಎತ್ತಲೇ ಇಲ್ಲ. ‘ಬೂಮರ್ ಬಬಲ್ ಗಮ್ ಅಲ್ವೇನೋ? ನನ್ನ ಮಕ್ಕಳು ದಿನಾ ಕೊಡಿಸು ಅಂತ ಪ್ರಾಣ ತಿಂತಿದ್ರು’ ಎಂದರು. ಲೆಕ್ಕ ಹಾಕಿದರೂ ಅವರು ಬೂಮರ್ ಅಲ್ಲ. ಎರಡನೇ ಮಹಾಯುದ್ಧ ಮುಗಿದ ಮೇಲೆ, 1946ರಿಂದ 1964ರವರೆಗೆ, ಅಮೆರಿಕದಲ್ಲಿ ಸಿಕ್ಕಾಪಟ್ಟೆ ಮಕ್ಕಳು ಹುಟ್ಟಿದರಲ್ಲ, ಅವರಿಗಿಟ್ಟ ಹೆಸರು ಅದು. ತಿಪಟೂರಿನ ಹೆರಿಗೆಗಳಿಗೂ ಅದಕ್ಕೂ ಎಲ್ಲಿಯ ಸಂಬಂಧ?

ಅಂದಹಾಗೆ, ಅರ್ಧ ಗಂಟೆಯಲ್ಲಿ ಆ ವಯರ್‌ಲೆಸ್ ಮೈಕಿನ ಬ್ಯಾಟರಿ ಮುಗಿಯಿತು. ಯುಗಾದಿ ಕಾರ್ಯಕ್ರಮಕ್ಕೂ ಮೈಕ್ ಅವರದೇ ಜವಾಬ್ದಾರಿ. ಆ ಹುಡುಗ ಈಗ ಅವರ ಅಸಿಸ್ಟೆಂಟು. ನಮ್ಮ ಮನೆ ಬಾಯ್ಲರ್ ಮಾತ್ರ ಇನ್ನೂ ಸರಿಹೋಗಿಲ್ಲ, ಪಾರ್ಟ್ ಬರಬೇಕಂತೆ. ಅಪ್ಪ ದಿನಾ ಬೆಳಗ್ಗೆ ಒಲೆ ಮೇಲೆ ದೊಡ್ಡ ಪಾತ್ರೆಯಲ್ಲಿ ನೀರು ಕಾಯಿಸಿಟ್ಟು, ‘ಗೀಸರ್ ರೆಡಿ’ ಎಂದು ಎಲ್ಲರನ್ನೂ ಎಬ್ಬಿಸುತ್ತಿದ್ದಾರೆ.